ಎರಡನೇ ಮಹಡಿಯ ಎರಡು ಬಾತ್‌ರೂಮು

ಬುಧವಾರದ ಸಾಲಿನಲ್ಲಿ ‘ಚಪಾತಿ, ಹೀರೇಕಾಯಿ ಪಲ್ಯ’ ಎಂದು ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಆ ಅಕ್ಷರಗಳ ಹಿಂದೆ, ಹಾಳೆಯ ಆಚೆ ಬದಿಯಿಂದ, ಅಂಚೆಚೀಟಿಯಷ್ಟು ಅಗಲದ ಒಂದು ಕಪ್ಪು ಚೌಕ ಮಸುಕಾಗಿ ಕಾಣುತ್ತಿತ್ತು.

ಫ್ರಿಜ್ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ನಿಲ್ಲಿಸಿದ್ದ ವಾರದ ಮೆನು ಅದು. ಮೂರು ದಿನವೂ ಮೊಸರು ತೆಗೆದುಕೊಳ್ಳುವಾಗ ನಾನು ಆ ಚೌಕವನ್ನು ನೋಡಿದ್ದೆ. ಗುರುವಾರ ಬೆಳಗ್ಗೆ ಯಾರೋ ಫ್ರಿಜ್ ಬಾಗಿಲನ್ನು ಜೋರಾಗಿ ಹಾಕಿದರು. ಮ್ಯಾಗ್ನೆಟ್ ಜಾರಿತು, ಹಾಳೆ ಮಗುಚಿಕೊಂಡು ನೆಲಕ್ಕೆ ಬಿತ್ತು. ನನ್ನ ಎದುರು ರೂಮಿನ ಹುಡುಗಿ ಬಗ್ಗಿ ಎತ್ತಿಕೊಂಡಳು. ಎತ್ತಿಕೊಂಡವಳು ತಕ್ಷಣ ಮತ್ತೆ ಅಂಟಿಸಲಿಲ್ಲ.

ಹಿಂಬದಿಯಲ್ಲಿದ್ದದ್ದು ನನ್ನ ರೂಮ್‌ಮೇಟ್‌ನ ಆಧಾರ್ ಕಾರ್ಡಿನ ಜೆರಾಕ್ಸ್. ಇಂಕು ಹೆಚ್ಚಾಗಿ ಕಪ್ಪಗೆ ಬಂದಿದ್ದ ಕಾಪಿ. ಫೋಟೋದಲ್ಲಿ ತೆಳು ಮೀಸೆಯ ಒಂದು ಮುಖ. ನಾವು ಯಾರೂ ಕರೆಯದ ಒಂದು ಗಂಡು ಹೆಸರು. ಅದರ ಕೆಳಗೆ ‘ಪುರುಷ’.

ಜಯನಗರ ಒಂಬತ್ತನೇ ಬ್ಲಾಕಿನ ಆ ಲೇಡೀಸ್ ಪಿಜಿಯಲ್ಲಿ ನಾನು ನಾಲ್ಕು ವರ್ಷದಿಂದ ಇದ್ದೆ. ಬಿಳೇಕಹಳ್ಳಿಯ ಹತ್ತಿರ ಒಂದು ಸಂಶೋಧನಾ ಕಚೇರಿಯಲ್ಲಿ ನನ್ನ ಕೆಲಸ. ಆರೋಗ್ಯ ಸಮೀಕ್ಷೆಗಳ ಫಾರಂಗಳಲ್ಲಿ ತಪ್ಪು ಹುಡುಕಿ ತಿದ್ದುವುದು. ಅರವತ್ತು ವರ್ಷದ ಗಂಡಸಿನ ಎದುರು ‘ಗರ್ಭಿಣಿ’ ಎಂದು ಗುರುತಾಗಿದ್ದರೆ ಕಂಡುಹಿಡಿಯಬೇಕಾದವಳು ನಾನು. ಇದನ್ನು ತಿಳಿದ ದಿನದಿಂದ ಪಿಜಿಯ ಆಂಟಿ ತಮ್ಮ ಕಾಗದಪತ್ರದ ಕೆಲಸವನ್ನೆಲ್ಲ ನನ್ನ ಮೇಲೆ ಹಾಕಿದ್ದರು. ಹೊಸಬರು ಸೇರಿದಾಗ ಪೊಲೀಸ್ ವೆರಿಫಿಕೇಶನ್ನಿನ ಫಾರಂ ತುಂಬುವುದು, ಆಧಾರ್ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕುವುದು ನನ್ನ ಪಾಲು.

ಆಂಟಿ ತುಮಕೂರಿನ ಕಡೆಯ ಲಿಂಗಾಯತರು. ಗಂಡ ಇದ್ದಾಗ ಅವರದು ನೋಟ್‌ಬುಕ್, ಕಾಗದದ ಅಂಗಡಿ. ಅಂಗಡಿ ಹೋದರೂ ಅಭ್ಯಾಸ ಹೋಗಿರಲಿಲ್ಲ. ಒಂದು ಕಡೆ ಖಾಲಿ ಇರುವ ಹಾಳೆಯನ್ನು ಅವರು ಎಸೆಯುತ್ತಿರಲಿಲ್ಲ, ನಮಗೂ ಎಸೆಯಲು ಬಿಡುತ್ತಿರಲಿಲ್ಲ. ಹಾಲಿನ ಲೆಕ್ಕ, ಅಡುಗೆಯವಳ ರಜೆ, ವಾರದ ಮೆನು ಎಲ್ಲವೂ ಯಾರದೋ ಪ್ರಿಂಟ್‌ಔಟಿನ ಬೆನ್ನಿನ ಮೇಲೆ. “ಲಕ್ಷ್ಮೀನೂ ಸರಸ್ವತೀನೂ ಒಟ್ಟಿಗೆ ಎಸೀತೀಯಲ್ಲೇ” ಎಂದು ಬೈಯುತ್ತಿದ್ದರು. ಆ ವಾರ ಅವರು ಹಾಳೆ ಕೇಳಿದಾಗ ನಾನು ಕಚೇರಿಯ ಹಳೆಯ ಪ್ರಿಂಟ್‌ಔಟುಗಳ ಕಟ್ಟೊಂದನ್ನು ತೆಗೆದುಕೊಟ್ಟೆ. ಒಂಬತ್ತು ತಿಂಗಳ ಹಿಂದೆ ಕೆಟ್ಟುಹೋಗಿದ್ದ ಆ ಜೆರಾಕ್ಸ್ ಅದರ ನಡುವೆ ಇತ್ತು. ಮೂಲೆಯ ಅಂಗಡಿಯವರು, “ಬೇರೆಯವರ ಆಧಾರ್ ನಮ್ಮ ಹತ್ರ ಬೇಡ ಮೇಡಂ, ನೀವೇ ಇಟ್ಕೊಳಿ” ಎಂದು ಕೊಟ್ಟಿದ್ದರು. ಜೋಪಾನ ಮಾಡಬೇಕೆಂದೇ ಅದನ್ನು ನನ್ನ ಕಾಗದಗಳ ನಡುವೆ ಇಟ್ಟಿದ್ದೆ. ಮರೆತೆ.

ಹುಡುಗಿ ತಲೆ ಎತ್ತಿ ನನ್ನ ಕಡೆ ನೋಡಿದಳು. ಹಾಳೆಯ ಮೂಲೆಯಲ್ಲಿ, ಕಾಪಿ ಕೆಟ್ಟಿದ್ದನ್ನು ಗಮನಿಸುವ ಮೊದಲೇ ಅಭ್ಯಾಸಬಲದಿಂದ ಬರೆದಿದ್ದ, ‘ಪರಿಶೀಲಿಸಿದೆ’ ಎಂಬ ನನ್ನ ಕೈಬರಹವಿತ್ತು.

ನನ್ನ ರೂಮ್‌ಮೇಟ್ ಬನ್ನೇರುಘಟ್ಟ ರಸ್ತೆಯ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ನನಗಿಂತ ನಾಲ್ಕು ವರ್ಷ ದೊಡ್ಡವಳು. ಪಿಜಿಗೆ ಸೇರಲು ಬಂದ ದಿನವೇ ಆಂಟಿಗೆ ಎಲ್ಲವನ್ನೂ ಹೇಳಿದ್ದಳು: ತಾನು ಹುಡುಗನಾಗಿ ಹುಟ್ಟಿದವಳು, ಮೂರು ವರ್ಷದಿಂದ ಹಾರ್ಮೋನು ತೆಗೆದುಕೊಳ್ಳುತ್ತಿದ್ದೇನೆ, ಕಾರ್ಡಿನಲ್ಲಿ ಇನ್ನೂ ಬದಲಾಗಿಲ್ಲ. ಏಳು ಪಿಜಿಗಳಲ್ಲಿ ಇದನ್ನೇ ಹೇಳಿ ಹೊರಗೆ ಬಂದಿದ್ದಳು. ಆಂಟಿ ಒಂದು ದಿನ ಯೋಚಿಸಿದರು. ಮರುದಿನ ನನ್ನನ್ನು ಪೂಜೆಯ ಕೋಣೆಯ ಹತ್ತಿರ ಕರೆದರು, ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು.

“ನಿನ್ನ ರೂಮಲ್ಲಿ ಹಾಕ್ತೀನಿ. ನೀನು ಬಾಯಿ ಬಿಡೋಳಲ್ಲ.”

“ಬೇರೆಯವರಿಗೆ ಹೇಳೋದು ಬೇಡವಾ ಆಂಟಿ?”

“ಹೇಳಿದ್ರೆ ಹದಿನಾರು ಜನ ಹದಿನಾರು ಮಾತಾಡ್ತಾರೆ. ಅವಳ ಪಾಡಿಗೆ ಅವಳು ಇರ್ತಾಳೆ. ನಿನಗೇನು, ಬೇಜಾರಾ?”

ಇಲ್ಲ ಎಂದೆ. ಬೇಜಾರಲ್ಲ, ಆದರೆ ಏನೋ ಇತ್ತು. ಮೊದಲ ತಿಂಗಳು ನಾನು ನೈಟಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಾತ್‌ರೂಮಿಗೆ ಹೋಗಿ ಬಟ್ಟೆ ಬದಲಿಸುತ್ತಿದ್ದೆ. ಹಿಂದಿನ ರೂಮ್‌ಮೇಟ್ ಇದ್ದಾಗ ಹಾಗೆ ಮಾಡಿರಲಿಲ್ಲ. ಅವಳು ಏನಾದರೂ ಮಾಡಿಯಾಳು ಎಂಬ ಭಯವಲ್ಲ. ಹಾಗೆಂದು ಅದು ಬರೀ ಸಂಕೋಚವೂ ಅಲ್ಲ. ಒಂದು ದಿನ ಮಾತಿನ ನಡುವೆ, ಕಿವಿಯೋಲೆ ಹುಡುಕುತ್ತ, ಏನೂ ಯೋಚಿಸದೆ ರೂಮಿನಲ್ಲೇ ಕುರ್ತಾ ಬದಲಿಸಿದೆ. ಅಲ್ಲಿಂದಾಚೆ ಅದು ನೆನಪಾಗಲೇ ಇಲ್ಲ. ಅವಳೂ ಆ ಕಡೆ ತಿರುಗಿ ತನ್ನ ಯೂನಿಫಾರ್ಮಿಗೆ ಇಸ್ತ್ರಿ ಮಾಡುತ್ತಿದ್ದಳು.

ಅವಳು ನಗಿಸುತ್ತಿದ್ದಳು, ನಾನು ಕಡಿಮೆ ಮಾತಿನವಳು. “ನನ್ನ ರಕ್ತಕ್ಕೂ ಕನ್‌ಫ್ಯೂಶನ್ ಕಣೆ” ಎಂದು ಒಮ್ಮೆ ಹೇಳಿದಳು. “ಹಿಮೋಗ್ಲೋಬಿನ್ ರಿಪೋರ್ಟಲ್ಲಿ ನಾರ್ಮಲ್ ಅಂತ ಎರಡೇ ಲೈನು. ಗಂಡಸರದು ಒಂದು, ಹೆಂಗಸರದು ಒಂದು. ಗಂಡಸರ ಲೈನಲ್ಲಿ ನೋಡಿದ್ರೆ ನಾನು ಅನೀಮಿಕ್, ಹೆಂಗಸರ ಲೈನಲ್ಲಿ ಗಟ್ಟಿಮುಟ್ಟು. ಅದಕ್ಕೇ ಹೆಂಗಸರ ಕಡೆ ಬಂದೆ.” ದೇಹವೆಂಬುದು ಇಲ್ಲ, ಅದು ಮುಖ್ಯವಲ್ಲ ಎಂದು ಅವಳು ಯಾವತ್ತೂ ಹೇಳಲಿಲ್ಲ. ದಿನವಿಡೀ ಬೇರೆಯವರ ದೇಹದ ಮಾದರಿಗಳನ್ನು ಹಿಡಿದು ಕೆಲಸ ಮಾಡುವವಳು ಹಾಗೆ ಹೇಳುವುದು ಸಾಧ್ಯವೂ ಇರಲಿಲ್ಲ.

ಅವಳ ಆಪರೇಶನ್ನಿಗೆ ತಾರೀಖು ಸಿಕ್ಕಿತ್ತು. ಎರಡು ವರ್ಷ ಕಾದ ತಾರೀಖು. ಆಮೇಲೆ ಆರು ವಾರ ಮಲಗಿರಬೇಕು, ಜೊತೆಗೊಬ್ಬರು ಇರಬೇಕು. ಜೊತೆಯವಳು ನಾನು ಎಂದು ಆಸ್ಪತ್ರೆಯ ಹಾಳೆಯಲ್ಲಿ ಬರೆಸಿದ್ದಳು. ಕೆಳಮಹಡಿಯಲ್ಲಿ ಅಡುಗೆಮನೆಯ ಪಕ್ಕದ ಖಾಲಿ ರೂಮನ್ನು ಆಂಟಿ ಬಿಟ್ಟುಕೊಡುವುದಾಗಿ ಹೇಳಿದ್ದರು. “ಬಾಣಂತಿ ತರ ನೋಡ್ಕೋತೀನಿ, ಬೆಳ್ಳುಳ್ಳಿ ಸಾರು ತಿನ್ನಬೇಕು ಅಷ್ಟೆ” ಎಂದಿದ್ದರು. ಅವಳು ಅದನ್ನು ಕೇಳಿ ಮೆಟ್ಟಿಲ ಮೇಲೆ ಕೂತು ಅತ್ತಿದ್ದಳು. ಅವಳ ಮನೆಯವರು ಅವಳ ಫೋನ್ ಎತ್ತುವುದಿಲ್ಲ.

ಕಾರ್ಡಿನ ಆ ಒಂದು ಪದ ‘ಸ್ತ್ರೀ’ ಎಂದಾಗಬೇಕಾದರೆ ಆಸ್ಪತ್ರೆಯ ಕಾಗದ ಬೇಕು. ಮಧ್ಯದ ಇನ್ನೊಂದು ಪದ, ‘ಟ್ರಾನ್ಸ್‌ಜೆಂಡರ್’ ಎಂಬುದು, ಈಗಲೇ ಸಿಗುತ್ತಿತ್ತು, ಅದು ಅವಳಿಗೆ ಬೇಡವಾಗಿತ್ತು. ಆಸ್ಪತ್ರೆಯಿಂದ ಬಂದಮೇಲೆ ಮಲಗಲು ಹಾಸಿಗೆ ಬೇಕು. ಹಾಸಿಗೆ ಕೊಡುವವರು ಮೊದಲು ಕೇಳುವುದು ಆ ಕಾರ್ಡನ್ನು. ಈ ಸುತ್ತಿನಿಂದ ಅವಳು ಹೇಗೋ ಒಂದು ಸಲ ತಪ್ಪಿಸಿಕೊಂಡಿದ್ದಳು. ಹಾಳೆ ಬಿದ್ದಾಗ ತಾರೀಖಿಗೆ ಮೂರು ವಾರ ಉಳಿದಿತ್ತು.

ಎದುರು ರೂಮಿನ ಹುಡುಗಿಗೆ ಹತ್ತೊಂಬತ್ತು. ಜಯನಗರದಲ್ಲೇ ಬಿ.ಕಾಂ ಓದುತ್ತಿದ್ದಳು. ಅವಳ ವಿಷಯವೂ ನನಗೆ ಗೊತ್ತಿತ್ತು, ಪಿಜಿಯಲ್ಲಿ ನನಗೊಬ್ಬಳಿಗೇ. ಮಾತು ಕಡಿಮೆ ಇರುವವರ ಹತ್ತಿರ ಜನ ತಮ್ಮ ಮಾತುಗಳನ್ನು ತಂದಿಡುತ್ತಾರೆ. ಊರಿನಲ್ಲಿ ಅವಳ ಮನೆಯವರು ಬಾಡಿಗೆಗಿದ್ದ ಮನೆಯ ಮಾಲೀಕನ ತಮ್ಮ ಬಚ್ಚಲಿನ ಗವಾಕ್ಷಿಯಿಂದ ನೋಡುತ್ತಿದ್ದ. ಎರಡು ವರ್ಷ. ಕೊನೆಗೆ ನೋಡುವುದಷ್ಟಕ್ಕೇ ನಿಲ್ಲಲಿಲ್ಲ. ಅವಳು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪಿಜಿಯಲ್ಲಿ ನಮ್ಮ ಎರಡನೇ ಮಹಡಿಯ ಎಂಟು ಜನಕ್ಕೆ ಎರಡು ಬಾತ್‌ರೂಮು, ಎರಡಕ್ಕೂ ಮೇಲೆ ಗಾಜಿನ ಪಟ್ಟಿಗಳ ಕಿಟಕಿ. ಅವಳು ಸ್ನಾನಕ್ಕೆ ಹೋಗುವಾಗಲೆಲ್ಲ ನ್ಯೂಸ್‌ಪೇಪರು, ಟೇಪು ತೆಗೆದುಕೊಂಡು ಹೋಗುತ್ತಿದ್ದಳು; ಬರುವಾಗ ಕಿತ್ತುಕೊಂಡು ಬರುತ್ತಿದ್ದಳು. ಹೊರಗೆ ಕಾಯುವವರು ಬಯ್ಯುತ್ತಿದ್ದರು. ಕಾರಣ ಕೇಳಿದವಳು ನಾನೊಬ್ಬಳೇ, ಹಾಗಾಗಿ ನನಗೆ ಹೇಳಿದ್ದಳು.

ಆ ಗುರುವಾರ ಅವಳು ಸ್ನಾನ ಮಾಡದೆ ಕಾಲೇಜಿಗೆ ಹೋದಳು. ಶುಕ್ರವಾರ ಗಿರಿನಗರದ ಚಿಕ್ಕಮ್ಮನ ಮನೆಗೆ ಬಸ್ಸಿನಲ್ಲಿ ಹೋಗಿ ಸ್ನಾನ ಮಾಡಿ ಬಂದಳು. ಸಂಜೆ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದ ನನ್ನ ಹತ್ತಿರ ಬಂದು ನಿಂತಳು.

“ಅಕ್ಕ, ನೀವು ನನಗೆ ಹೇಳ್ಬೇಕಿತ್ತು.”

“ಅದು ಅವಳ ವಿಷಯ. ನಾನು ಹೇಳೋ ಹಾಗಿರಲಿಲ್ಲ.”

“ನನ್ನ ವಿಷಯಾನೂ ನಿಮಗೆ ಗೊತ್ತಿತ್ತಲ್ಲ. ಎರಡೂ ಗೊತ್ತಿದ್ದೋರು ನೀವೊಬ್ಬರೇ. ಪಕ್ಕದ ಬಾತ್‌ರೂಮಲ್ಲಿ ಅವರು, ಈ ಕಡೆ ನಾನು. ಒಂಬತ್ತು ತಿಂಗಳು.”

“ಅವಳು ನಿನಗೆ ಏನಾದ್ರೂ...”

“ಏನೂ ಮಾಡಿಲ್ಲ! ನನ್ನ ಟೈಫಾಯ್ಡ್ ಟೆಸ್ಟಿಗೆ ಅವರೇ ರಕ್ತ ತೆಗೆದ್ರು, ನೋವೇ ಆಗ್ಲಿಲ್ಲ. ಒಳ್ಳೆಯವರು ಅಂತ ನನ್ನ ತಲೆಗೆ ಗೊತ್ತು ಅಕ್ಕ. ಮೈ ಕೇಳಲ್ಲ. ಬಾಗಿಲು ಹಾಕಿದ ತಕ್ಷಣ ಕೈ ನಡುಗತ್ತೆ. ನಾನೇನು ಮಾಡ್ಲಿ?”

ಮಡಚಿದ್ದ ದುಪಟ್ಟಾವನ್ನು ಬಿಡಿಸಿ ಮತ್ತೆ ಮಡಚಿದೆ. ಫೋನಿನಲ್ಲಿ ಈ ವಿಷಯದ ವಾದಗಳನ್ನು ನಾನು ಓದಿದ್ದೆ. ಹುಟ್ಟಿದ ದೇಹವೇ ಕೊನೆಯ ಮಾತು ಎನ್ನುವವರಿದ್ದಾರೆ. ಹುಡುಗಿಯ ಕೈನಡುಕವನ್ನು ದ್ವೇಷ ಎಂದು ಕರೆದು ಮುಗಿಸುವವರೂ ಇದ್ದಾರೆ. ಮೊದಲಿನವರು ನನ್ನ ರೂಮ್‌ಮೇಟನ್ನು ನೋಡಿಲ್ಲ, ಎರಡನೆಯವರು ಈ ಹುಡುಗಿಯನ್ನು ನೋಡಿಲ್ಲ. ಇಬ್ಬರನ್ನೂ ದಿನವೂ ನೋಡುತ್ತಿದ್ದ ನಾನು ಇಬ್ಬರ ಗುಟ್ಟನ್ನೂ ಭದ್ರವಾಗಿ ಇಟ್ಟುಕೊಂಡು, ಅದನ್ನೇ ಸಭ್ಯತೆ ಎಂದುಕೊಂಡಿದ್ದೆ. ಬಾತ್‌ರೂಮಿನ ಕಿಟಕಿಗೆ ಒಂದು ಹಲಗೆ ಹೊಡೆಸಿ ಎಂದು ಆಂಟಿಗೆ ಹೇಳಬಹುದಿತ್ತು, ಅದನ್ನಾದರೂ.

ಹಾಳೆಯ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಿದವಳು ಆ ಹುಡುಗಿಯಲ್ಲ. ಅವಳ ಹೆಗಲ ಹಿಂದೆ ನಿಂತು ನೋಡಿದ್ದ ಇನ್ನೊಬ್ಬಳು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಗುಂಪಿನಲ್ಲಿ ನೂರಾರು ಮೆಸೇಜು.

“ಗುರು ನಮ್ಮ ಪಿಜಿಲಿ ಬಾಯ್ಸ್ ಅಲೋಡ್ ಅಂತ ಮೊದ್ಲೇ ಹೇಳ್ಬಾರ್ದಾ, ನನ್ನವನನ್ನೂ ಕರ್ಕೊಂಡ್ ಬರ್ತಿದ್ದೆ.”

“ಮಗಾ ನಿನ್ನವನಿಗಿಂತ ಅವಳು ಸಾವಿರ ಪಾಲು ವಾಸಿ.”

“ಸಿಗ್ನಲ್ ಹತ್ರ ನಿಲ್ಲೋರಿಗೆಲ್ಲ ರೂಮ್ ಕೊಟ್ರೆ ಹೆಂಗೆ?”

“ನಿನ್ನ ಥೈರಾಯ್ಡ್ ರಿಪೋರ್ಟ್ ಫ್ರೀಯಾಗಿ ತಂದುಕೊಟ್ಟಾಗ ಸಿಗ್ನಲ್ ನೆನಪಾಗ್ಲಿಲ್ವಾ?”

ನನ್ನ ರೂಮ್‌ಮೇಟ್ ಆ ಗುಂಪಿನಲ್ಲಿದ್ದಳು. ಮಂಚದ ಮೇಲೆ ಕೂತು ಒಂದೊಂದನ್ನೂ ಓದಿದಳು. ಆಮೇಲೆ ತನ್ನ ಹಳೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. “ಮೀಸೆ ಎಷ್ಟು ಕಷ್ಟಪಟ್ಟು ಬೆಳೆಸಿದ್ದೆ ಗೊತ್ತಾ” ಎಂದಳು. ಜೆರಾಕ್ಸ್ ಅಲ್ಲಿಗೆ ಹೇಗೆ ಹೋಯಿತೆಂದು ನಾನು ಹೇಳಿದೆ. ಅವಳು ಫೋನನ್ನು ಮಗುಚಿ ಮಂಚದ ಮೇಲಿಟ್ಟಳು.

ಭಾನುವಾರ ತಿಂಡಿಯಾದ ಮೇಲೆ ಆಂಟಿ ಎಲ್ಲರನ್ನೂ ಊಟದ ಹಾಲ್‌ನಲ್ಲಿ ಕೂರಿಸಿದರು. ಸ್ಟೀಲ್ ಲೋಟಗಳಲ್ಲಿ ಕಾಫಿ ಕೊಟ್ಟರು, ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಮೂರು ಜನರ ಅಪ್ಪಂದಿರು ಆಗಲೇ ಫೋನ್ ಮಾಡಿದ್ದರು. ಅವರಲ್ಲಿ ದಾವಣಗೆರೆಯ ವ್ಯಾಪಾರಿಯೊಬ್ಬರು ಸಭೆಗೆ ತಾವೂ ಇರಬೇಕೆಂದು ಹಟ ಹಿಡಿದಿದ್ದರಿಂದ ಅವರ ಮಗಳು ಸ್ಪೀಕರ್ ಹಾಕಿ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿದ್ದಳು.

ಮೊದಲು ಟೆರೇಸಿನ ರೂಮಿನ ಮಾತು ಬಂತು. ಅದು ತಗಡಿನ ಮಾಡಿನ ಉಗ್ರಾಣ.

“ಟೆರೇಸ್ ಮೇಲೆ ಹಾಕಕ್ಕೆ ನಾನೇನು ಒಗೆದ ಬಟ್ಟೆನಾ ಆಂಟಿ?” ಎಂದಳು ನನ್ನ ರೂಮ್‌ಮೇಟ್. ಕೆಲವರು ನಕ್ಕರು. ಅವಳು ನಗಲಿಲ್ಲ. ಆಪರೇಶನ್ ವಿಷಯವನ್ನು ಅವಳೇ ಎಲ್ಲರ ಮುಂದೆ ಹೇಳಿದಳು. ಮೆಟ್ಟಿಲು ಹತ್ತುವ ಹಾಗಿಲ್ಲ. ಆರು ವಾರ. ಅದಾದ ಮೇಲೆ ಬೇಕಾದರೆ ಹೋಗುತ್ತೇನೆ.

ಆಗ ಆಂಟಿ ಹೇಳಿದರು: ಕೆಳಗಿನ ರೂಮಿಗೆ ಇವತ್ತೇ ಬರಲಿ. ಮನೆಯವರ ಬಾತ್‌ರೂಮು, ತಮ್ಮದೇ ಬಾತ್‌ರೂಮು, ಅವಳು ಬಳಸಲಿ. ಎರಡನೇ ಮಹಡಿಯ ಎರಡು ಬಾತ್‌ರೂಮು ಮೇಲಿನವರಿಗಷ್ಟೆ. ಹಾಲ್‌ನಲ್ಲಿ ಎಲ್ಲರ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. ಎದುರು ರೂಮಿನ ಹುಡುಗಿ ತಲೆ ತಗ್ಗಿಸಿಕೊಂಡೇ, “ನನಗೆ ಅದು ಸಾಕು” ಎಂದಳು. ಆಮೇಲೆ ನನ್ನ ರೂಮ್‌ಮೇಟ್ ಕಡೆ ನೋಡಿ, “ಸಾರಿ ಅಕ್ಕ” ಎಂದಳು. ನನ್ನ ರೂಮ್‌ಮೇಟ್, “ಪರವಾಗಿಲ್ಲ ಕಣೆ” ಎಂದಳು. ಅಲ್ಲಿಗೆ ಮುಗಿದಿತ್ತು. ನಿಜವಾಗಿಯೂ ಮುಗಿದೇಹೋಗಿತ್ತು.

ಫೋನಿನೊಳಗಿನ ಅಪ್ಪನನ್ನು ಒಪ್ಪಿಸುವುದಷ್ಟೇ ಬಾಕಿ.

“ಅಲ್ರೀ ಅಮ್ಮಾರ, ಜೊತಿಗೆ ಇರೋ ಹುಡುಗಿ ಏನಂತಾಳ? ಅಕಿನ್ನ ಕೇಳ್ರಿ ಮೊದ್ಲು.”

ಆಂಟಿ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಧೈರ್ಯವಿತ್ತು. “ಹೇಳಮ್ಮ. ಒಂಬತ್ತು ತಿಂಗಳು ಒಂದೇ ರೂಮಲ್ಲಿ ಇದ್ದೀಯ. ನಿನಗೆ ಏನಾದ್ರೂ ತೊಂದರೆ ಆಗಿದೆಯಾ?”

ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಎದುರಿಗೆ ಆ ಹುಡುಗಿ ಕೂತಿದ್ದಳು, ಅವಳ ನಡುಕವನ್ನು ನಾನು ಒಬ್ಬಂಟಿ ಮಾಡಬಾರದು ಎನಿಸಿತು. ನನಗೂ ಹಾಗೇ ಆಗಿತ್ತು, ಆಮೇಲೆ ಹೋಯಿತು, ಎಂದು ಹೇಳಿದರೆ ಇಬ್ಬರಿಗೂ ನ್ಯಾಯವಾಗುತ್ತದೆ ಎಂದುಕೊಂಡೆ. ಪೂರ್ತಿ ನಿಜವನ್ನು, ಅನುಕ್ರಮದಲ್ಲಿ.

“ತೊಂದರೆ ಆಗಿಲ್ಲ” ಎಂದೆ. “ಆದರೆ ಮೊದಲ ಒಂದು ತಿಂಗಳು ನಾನು ಬಟ್ಟೆ ಬದಲಾಯಿಸಕ್ಕೆ ಬಾತ್‌ರೂಮಿಗೆ ಹೋಗ್ತಿದ್ದೆ. ಆಮೇಲೆ...”

“ಕೇಳಿದ್ರೇನ್ರಿ!” ಎಂದು ಜಾಡಿಯ ಹಿಂದಿನಿಂದ ದನಿ ಬಂತು. “ಅಕಿ ರೂಮಿನಾಕಿನೇ ಹೇಳಾಕತ್ತಾಳ! ಒಂದು ತಿಂಗಳು ಬಟ್ಟಿ ಬಿಚ್ಚಾಕ ಹೆದರ್ಯಾಳ!”

ಹೆದರಿರಲಿಲ್ಲ ಎಂದೆ. ಆಮೇಲೆ ಹಾಗಿರಲಿಲ್ಲ ಎಂದೆ. ನನ್ನ ದನಿ ಮೊದಲೇ ಸಣ್ಣದು. ನಾಲ್ಕು ಜನ ಒಟ್ಟಿಗೆ ಮಾತಾಡುತ್ತಿದ್ದರು. “ನೋಡಿದ್ಯಾ, ಇವರಿಗೇ ಆಗಿಲ್ಲ.” “ಒಂದು ತಿಂಗಳು ಸುಮ್ನೆ ಹೆಂಗಿದ್ರಿ ಅಕ್ಕ?” “ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ.” ಸ್ಪೀಕರಿನ ಅಪ್ಪ ಮಗಳನ್ನು ಇವತ್ತೇ ಕರೆದುಕೊಂಡು ಹೋಗುವುದಾಗಿಯೂ, ಮುಚ್ಚಿಟ್ಟದ್ದಕ್ಕೆ ಸ್ಟೇಷನ್ನಿನಲ್ಲಿ ಕಂಪ್ಲೇಂಟು ಕೊಡುವುದಾಗಿಯೂ ಹೇಳಿದರು. ಆಂಟಿಯ ಕೈಯಲ್ಲಿ ಖಾಲಿ ಲೋಟವಿತ್ತು. ಅದನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟರು. ಸ್ಟೇಷನ್ ಎಂಬ ಮಾತು ಅವರನ್ನು ಅಲುಗಿಸಿತ್ತು. ಪಿಜಿಯೇ ಅವರ ಅನ್ನ.

“ತಿಂಗಳ ಕೊನೆವರೆಗೂ ಇರಲಿ” ಎಂದರು ಕೊನೆಗೆ, ಯಾರ ಮುಖವನ್ನೂ ನೋಡದೆ. “ಆಮೇಲೆ ಬೇರೆ ನೋಡ್ಕೋ ಮಗಳೇ.” ತಿಂಗಳ ಕೊನೆ ಆಪರೇಶನ್ನಿಗೆ ಮೂರು ದಿನ ಮೊದಲು ಬರುತ್ತಿತ್ತು.

ರೂಮಿಗೆ ಹೋದಾಗ ಅವಳು ಬಟ್ಟೆ ಮಡಚುತ್ತಿದ್ದಳು. ನಾನು ಬಾಗಿಲ ಹತ್ತಿರವೇ ನಿಂತೆ.

“ನೀನು ಹೇಳಿದ್ದು ನಿಜ ತಾನೆ?”

“ನಿಜ.”

“ಗೊತ್ತಿತ್ತು ಕಣೆ. ನೈಟಿ ಕಂಕುಳಲ್ಲಿ ಇಟ್ಕೊಂಡು ಕಳ್ಳಿ ತರ ಹೋಗ್ತಿದ್ದೆ. ಯಾವತ್ತು ನಿಲ್ಲಿಸಿದೆ ಅಂತಾನೂ ಗೊತ್ತು. ಕಿವಿಯೋಲೆ ಹುಡುಕ್ತಿದ್ದೆ, ಹಳದಿ ಕುರ್ತಾ. ಅವತ್ತು ನಾನು ಇಸ್ತ್ರಿ ಮಾಡ್ತಾ ಯೂನಿಫಾರ್ಮಿನ ಒಂದು ತೋಳು ಸುಟ್ಟುಬಿಟ್ಟೆ, ಅಷ್ಟು ಖುಷಿಯಾಗಿತ್ತು.”

“ಅದನ್ನೇ ಹೇಳಕ್ಕೆ ಹೊರಟಿದ್ದೆ.”

“ಅದನ್ನ ನನಗೆ ಹೇಳ್ಬೇಕಿತ್ತು. ಅವರಿಗಲ್ಲ.”

ಆ ಹುಡುಗಿ ಮಾರನೇ ದಿನ ಮೆಟ್ಟಿಲಲ್ಲಿ ನನ್ನನ್ನು ತಡೆದಳು. ಅವಳ ಕಣ್ಣು ಊದಿತ್ತು. “ಕೆಳಗಿನ ರೂಮಾದ್ರೆ ಸಾಕು ಅಂದಿದ್ದೆ ನಾನು. ಈಗ ಎಲ್ಲರೂ ನಾನೇ ಓಡಿಸ್ದೆ ಅಂತಾರೆ. ಅರ್ಧ ಜನ ಬೈತಾರೆ, ಅರ್ಧ ಜನ ಶಭಾಷ್ ಅಂತಾರೆ. ಶಭಾಷ್ ಅನ್ನೋರನ್ನ ಕಂಡ್ರೆ ವಾಂತಿ ಬರತ್ತೆ.” ಅವಳ ಭುಜದ ಮೇಲೆ ಕೈಯಿಡಬೇಕೆನಿಸಿತು. ಇಡಲಿಲ್ಲ. ನನ್ನ ಕೈಗೆ ಆ ಅಧಿಕಾರ ಉಳಿದಿಲ್ಲ ಎನಿಸಿತ್ತು.

ಆಮೇಲಿನ ದಿನಗಳಲ್ಲಿ ಕಚೇರಿ ಮುಗಿಸಿ ನಾವಿಬ್ಬರೂ ಹುಡುಕಿದೆವು. ಬಿಟಿಎಂ, ಜೆ.ಪಿ. ನಗರ, ಬನಶಂಕರಿ. ಮೊದಲು ಹೇಳಿದರೆ ಬಾಗಿಲು ಹಾಕುತ್ತಿದ್ದರು. ಬಿಟಿಎಂನಲ್ಲಿ ಒಬ್ಬ ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದ. “ಲೇಡೀಸ್ ಪಿಜಿಲಿ ಹಾಕಿದ್ರೆ ಅವರ ಪೇರೆಂಟ್ಸ್ ನನ್ನ ಕೊಲ್ತಾರೆ. ಜೆಂಟ್ಸ್ ಪಿಜಿಲಿ ಹಾಕಿದ್ರೆ ಹುಡುಗರು ಇವರನ್ನ ಬಿಡಲ್ಲ. ನೀವೇ ಹೇಳಿ ಮೇಡಂ, ನಾನೆಲ್ಲಿ ಹಾಕ್ಲಿ?” ಬನಶಂಕರಿಯ ಒಂದು ಮನೆಯಲ್ಲಿ ಗೇಟಿನ ಒಳಗಿನಿಂದಲೇ ಮುದುಕರೊಬ್ಬರು, “ಫ್ಯಾಮಿಲಿನಾ?” ಎಂದರು. ಅಲ್ಲ ಎನ್ನುವಷ್ಟರಲ್ಲಿ ನಾಯಿಯನ್ನು ಬಿಟ್ಟರು.

ಅಂಜನಾಪುರದಲ್ಲಿ ಮಾತ್ರ ಒಂದು ಮನೆ ಸಿಗುವಂತಿತ್ತು. ಮೊದಲ ಮಹಡಿಯಲ್ಲಿ ಒಂದು ರೂಮು, ಅಡುಗೆಮನೆ, ಅದಕ್ಕೇ ಸೇರಿದ ಬಾತ್‌ರೂಮು. ಅಲ್ಲಿಯ ಮೂಲ ಊರಿನವರದೇ ಮನೆ. ಫೋನಿನಲ್ಲಿ ಆ ಮನೆಯ ಹೆಂಗಸು, “ಇಬ್ಬರು ಹೆಣ್ಮಕ್ಕಳು ತಾನೆ? ಕೆಲಸಕ್ಕೆ ಹೋಗೋರು ತಾನೆ? ಬನ್ನಿ” ಎಂದಿದ್ದರು. ನಾನು ಹೂಂ ಎಂದಿದ್ದೆ. ನನ್ನ ರೂಮ್‌ಮೇಟ್ ಒಪ್ಪಲಿಲ್ಲ.

“ಹೇಳದೇ ಹೋಗಲ್ಲ. ಒಂದು ಸಲ ಆಯ್ತಲ್ಲ. ಹೊಲಿಗೆ ಹಸಿ ಇರೋವಾಗ ಯಾವನೋ ಬಂದು ಎದ್ದೋಗು ಅಂದ್ರೆ ಎಲ್ಲಿಗೆ ಹೋಗ್ಲಿ? ನಡೆಯಕ್ಕೂ ಆಗಲ್ಲ ನನಗೆ.”

“ಹಾಗಾದ್ರೆ ಹೇಳಿಯೇ ಕೇಳೋಣ.”

“ಹೇಳಿದ ಮೇಲೆ ಅವರ ಮುಖ ಬದಲಾಗೋದನ್ನ ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ ಕಣೆ. ಈ ವಾರಕ್ಕೆ ಸಾಕು.”

ಆಸ್ಪತ್ರೆಯವರು ಶನಿವಾರ ಬೆಳಗ್ಗೆ ಒಂಬತ್ತರ ಮೇಲೆ ಫೋನ್ ಮಾಡಿ ತಿಳಿಸಲು ಹೇಳಿದ್ದರು: ಆಮೇಲೆ ಇರುವ ವಿಳಾಸ ಯಾವುದು, ಜೊತೆಗೆ ಯಾರು. ವಿಳಾಸವಿಲ್ಲದಿದ್ದರೆ ತಾರೀಖು ಸಾಲಿನಲ್ಲಿ ಮುಂದಿನವರಿಗೆ. ಶುಕ್ರವಾರ ಸಂಜೆ ಕೆಲಸದಿಂದ ಬಂದವಳು ಯೂನಿಫಾರ್ಮು ಬಿಚ್ಚದೆ ಮಂಚದ ಮೇಲೆ ಕೂತಳು. “ನಾಳೆ ಫೋನ್ ಮಾಡಿ ಬಿಟ್ಟುಬಿಡ್ತೀನಿ” ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಲ್ಯಾಬಿನಲ್ಲಿ ರಿಪೋರ್ಟು ಓದಿ ಹೇಳುವ ದನಿ. “ಇನ್ನೆರಡು ವರ್ಷ ತಾನೆ. ಅಷ್ಟರಲ್ಲಿ ನಾನೇ ಇರ್ತೀನೋ ಇಲ್ವೋ.”

ಹಾಗೆ ಹೇಳಬೇಡ ಎಂದೆ. ಹೇಳಿದ್ದು ತಪ್ಪಾಯಿತೆಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ದೀಪ ಆರಿಸುವ ಮುನ್ನ ಆಸ್ಪತ್ರೆಯ ಹಾಳೆಯನ್ನು ನಾಲ್ಕಾಗಿ ಮಡಚಿ ದಿಂಬಿನ ಕೆಳಗೆ ಇಟ್ಟಳು.

ಮಾರನೇ ಬೆಳಗ್ಗೆ ಅವಳು ಏಳುವ ಮೊದಲು ನಾನು ಹೊರಟೆ. ಮೆಟ್ರೊ ಹತ್ತಿ ಕನಕಪುರ ರಸ್ತೆಯಲ್ಲಿ ಇಳಿದು, ಆಟೋ ಸಿಗದೆ ನಡೆದು, ಅಂಜನಾಪುರದ ಆ ಮನೆ ತಲುಪಿದಾಗ ಎಂಟೂವರೆ. ಬಾಗಿಲ ಮೇಲೆ ಬುದ್ಧನ ಪಟ, ಅದಕ್ಕೆ ಬೆಳಗಿನ ಕನಕಾಂಬರ. ಮನೆಯ ಹೆಂಗಸು ನಲ್ಲಿಯ ಕೆಳಗೆ ಬಿಂದಿಗೆ ಇಟ್ಟಿದ್ದರು. ನೀರಿನ ಸದ್ದಿಗಿಂತ ಜೋರಾಗಿ ಮಾತಾಡಬೇಕಾಯಿತು. ಅಷ್ಟು ಜೋರಾಗಿ ನಾನು ಹಿಂದೆಂದೂ ಮಾತಾಡಿದ್ದಿಲ್ಲ. ಅವಳು ಯಾರು, ಕಾರ್ಡಿನಲ್ಲಿ ಏನಿದೆ, ಆಪರೇಶನ್ ಎಂಥದ್ದು, ಪಿಜಿಯಿಂದ ಯಾಕೆ ಬಿಡಿಸಿದರು, ಅದರಲ್ಲಿ ನನ್ನ ತಪ್ಪೇನು, ಆರು ವಾರ ಜೊತೆಗಿದ್ದು ನೋಡಿಕೊಳ್ಳುವವಳು ನಾನು ಎಂಬುದು, ಎಲ್ಲವನ್ನೂ ಹೇಳಿದೆ. ಈ ಸಲ ಕೊನೆಯ ತನಕ ನಿಲ್ಲಿಸಲಿಲ್ಲ.

ಅವರು ನಲ್ಲಿ ನಿಲ್ಲಿಸಿದರು. ಸೆರಗಿಗೆ ಕೈ ಒರೆಸಿಕೊಂಡರು. ಅವರ ಮುಖದಿಂದ ನನಗೆ ಏನೂ ತಿಳಿಯಲಿಲ್ಲ.

“ನನ್ನ ಮಗ ನೈಟ್ ಡ್ಯೂಟಿ ಮುಗಿಸಿ ಹತ್ತಕ್ಕೆ ಬರ್ತಾನೆ. ಅವನನ್ನ ಕೇಳ್ದೆ ನಾನು ಹೂಂ ಅನ್ನಲ್ಲ.” ಹೊರಗಿನ ಮೆಟ್ಟಿಲ ಕಡೆ ನೋಡಿ, “ಮೇಲಿನ ಮನೆ ಅದು. ಹೊಟ್ಟೆ ಕೊಯ್ಸಿಕೊಂಡೋಳು ಆ ಮೆಟ್ಟಿಲು ಹೆಂಗೆ ಹತ್ತಾಳೆ?” ಎಂದು ಕೇಳಿದರು.

ಎಂಟು ಐವತ್ತಕ್ಕೆ ನಾನು ಅವಳಿಗೆ ಫೋನ್ ಮಾಡಿದೆ. ಒಂಬತ್ತಕ್ಕೆ ಆಸ್ಪತ್ರೆಗೆ ಮಾಡಬೇಡ, ಹತ್ತೂವರೆ ತನಕ ಕಾಯಿ ಎಂದೆ. ಎಲ್ಲಿದ್ದೀಯ ಎಂದಳು. ಹೇಳಿದೆ. ಅವಳು ಫೋನ್ ಇಡಲಿಲ್ಲ. ಫೋನನ್ನು ಹಾಗೇ ಕಿವಿಗೆ ಹಿಡಿದುಕೊಂಡು ಹೊರಗಿನ ಮೆಟ್ಟಿಲನ್ನು ಹತ್ತಿದೆ, ಹೊಲಿಗೆ ಹಾಕಿಸಿಕೊಂಡವಳು ಹತ್ತುವ ಹಾಗೆ, ಒಂದು ಮೆಟ್ಟಿಲಿಗೆ ಎರಡೂ ಪಾದ ಊರಿ, ಸೊಂಟ ಬಗ್ಗಿಸದೆ, ಎಣಿಸುತ್ತ. ಹತ್ತೊಂಬತ್ತು ಇದ್ದವು, ಒಂದು ಕಡೆ ಕಂಬಿ ಇರಲಿಲ್ಲ. ಕೆಳಗಿಳಿದು, ಈ ಸಲ ಕಂಬಿ ಇಲ್ಲದ ಕಡೆ ನಾನು ನಿಂತರೆ ಅವಳಿಗೆ ಎಷ್ಟು ಜಾಗ ಉಳಿಯುತ್ತದೆಂದು ನೋಡುತ್ತ, ಮತ್ತೆ ಹತ್ತಿದೆ.